‘ರೀಲರ್’ ಪದದ ಎಳೆ ಹಿಡಿದು ಕಲಿಸಿದ ಇಂಗ್ಲಿಷ್

ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮೊದಲ ಕೆಲವು ವರ್ಷ ಪ್ರತ್ಯಯಗಳ ಪಾಠವನ್ನು ಪಟ್ಟಿ ಹಾಕಿಯೇ ಮಾಡಿದೆ. ಹಲಗೆಯ ಎಡಕ್ಕೆ ‘ನೆಸ್’, ‘ಮೆಂಟ್’, ‘ಫುಲ್’, ‘ಲೆಸ್’. ಬಲಕ್ಕೆ ಒಂದೊಂದು ಉದಾಹರಣೆ. ಮಕ್ಕಳು ಬಾಯಿಪಾಠ ಮಾಡಿದರು, ಕಿರುಪರೀಕ್ಷೆಯಲ್ಲಿ ಅಂಕವನ್ನೂ ತೆಗೆದರು. ಆದರೆ ‘ಕೈಂಡ್‌ನೆಸ್’ ಬರೆದ ಹುಡುಗನಿಗೆ ಮರುವಾರ ‘ಡಾರ್ಕ್‌ನೆಸ್’ ಎದುರಾದಾಗ ಅದು ಅವನ ಪಾಲಿಗೆ ಪೂರಾ ಹೊಸ ಪದವಾಗಿತ್ತು. ‘ಡಾರ್ಕ್’ ಗೊತ್ತು, ‘ನೆಸ್’ ಗೊತ್ತು, ಎರಡೂ ಕೂಡಿದ್ದು ಗೊತ್ತಿಲ್ಲ. ಆಗಲೇ ನನಗೆ ಪಟ್ಟಿಯ ಮೇಲಿನ ನಂಬಿಕೆ ಹೋಯಿತು.

ದಾರಿ ತೋರಿಸಿದ್ದು ಒಂದು ತಪ್ಪು. ಒಂಬತ್ತನೇ ತರಗತಿಯಲ್ಲಿ ತಂದೆತಾಯಿಯರ ಕೆಲಸದ ಬಗ್ಗೆ ಬರೆಯಲು ಹೇಳಿದ್ದೆ. ಮದುವೆ ಮನೆಗಳಲ್ಲಿ ಅಡುಗೆ ಮಾಡುವವರ ಮಗನೊಬ್ಬ ತನ್ನ ತಂದೆ ‘ಕುಕ್ಕರ್’ ಎಂದು ಬರೆದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಅವನ ತರ್ಕ ಸರಿಯಾಗಿತ್ತು. ‘ಟೀಚ್’ ಮಾಡುವವರು ಟೀಚರ್ ಆದರೆ ‘ಕುಕ್’ ಮಾಡುವವರು ಕುಕ್ಕರ್ ಏಕಾಗಬಾರದು? ಇಂಗ್ಲಿಷ್‌ನ ‘ಅರ್’ ಕೆಲಸ ಮಾಡುವವರಿಗೂ ಹತ್ತುತ್ತದೆ, ಕೆಲಸ ಮಾಡುವ ಸಾಧನಕ್ಕೂ ಹತ್ತುತ್ತದೆ ಎಂದು ವಿವರಿಸಿದೆ. ಪಂಪ್‌ಸೆಟ್ಟಿನ ಸ್ಟಾರ್ಟರ್, ಅಡುಗೆಮನೆಯ ಮಿಕ್ಸರ್ ಎಲ್ಲ ಸಾಧನಗಳೇ. ಅಡುಗೆಯವರಿಗೆ ‘ಕುಕ್’ ಎಂಬ ಹೆಸರು ಮೊದಲೇ ಇದ್ದುದರಿಂದ ‘ಕುಕ್ಕರ್’ ಪಾತ್ರೆಯ ಪಾಲಾಯಿತು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ನಮ್ಮ ಅಬ್ಬಾ ರೀಲರ್. ಅದೂ ಇದೇನಾ?” ಎಂದು ಕೇಳಿದಳು.

ಶಿಡ್ಲಘಟ್ಟದಲ್ಲಿ ‘ರೀಲರ್’ ಎಂಬುದನ್ನು ಯಾರೂ ಇಂಗ್ಲಿಷ್ ಪದವೆಂದು ಎಣಿಸುವುದಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಕೊಂಡು, ಬೇಯಿಸಿ, ನೂಲು ತೆಗೆಯುವವರೆಲ್ಲ ರೀಲರ್‌ಗಳು. ಪತ್ರಿಕೆಗಳು ಅವರನ್ನು ‘ನೂಲು ಬಿಚ್ಚಾಣಿಕೆದಾರರು’ ಎಂದು ಬರೆಯುತ್ತವೆ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದೆ. ‘ರೀಲ್’ ಎಂದರೆ ಬಿಚ್ಚು, ‘ರೀಲಿಂಗ್’ ಎಂದರೆ ಬಿಚ್ಚಾಣಿಕೆ, ‘ರೀಲರ್’ ಎಂದರೆ ಬಿಚ್ಚಾಣಿಕೆದಾರ. ಇಂಗ್ಲಿಷ್ ‘ಇಂಗ್’ ತೆಗೆದು ಆ ಜಾಗದಲ್ಲಿ ‘ಅರ್’ ಇಡುತ್ತದೆ. ಕನ್ನಡ ಕೆಲಸದ ಹೆಸರನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ‘ದಾರ’ ಸೇರಿಸುತ್ತದೆ. “ನಮ್ಮ ಮನೆಯಲ್ಲಿ ಅಂಗಡಿಯವರನ್ನು ದುಕಾನ್‌ದಾರ್ ಎನ್ನುತ್ತೇವೆ” ಎಂದು ಅದೇ ಹುಡುಗಿ ಹೇಳಿದಳು. ಪಾರಸಿಯಿಂದ ಬಂದ ಆ ‘ದಾರ’ ನಮ್ಮ ‘ಗುತ್ತಿಗೆ’ಗೂ ‘ಪಾಲು’ ಪದಕ್ಕೂ ಅಂಟಿಕೊಂಡಿದೆ. ‘ಮೆಂಟ್’ ಎಂಬುದು ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂದು ನೆಲೆಸಿದ್ದೂ ಹೀಗೆಯೇ.

ಅಂದಿನಿಂದ ಈ ಪಾಠವನ್ನು ಕನ್ನಡದಿಂದಲೇ ಆರಂಭಿಸುತ್ತೇನೆ. ಕೃದಂತ, ತದ್ಧಿತಾಂತಗಳನ್ನು ಮಕ್ಕಳು ಕನ್ನಡ ತರಗತಿಯಲ್ಲಿ ಓದಿರುತ್ತಾರೆ. ಬಳೆಗಾರ, ಕನ್ನಡಿಗ, ಗುಣವಂತ, ಬಡತನ ಇವುಗಳನ್ನು ಬಿಡಿಸಲು ಅವರಿಗೆ ಬರುತ್ತದೆ. ಆ ಜ್ಞಾನವನ್ನು ಇಂಗ್ಲಿಷ್ ಅವಧಿಯಲ್ಲಿ ಬಾಗಿಲಾಚೆ ಬಿಟ್ಟು ಬರಬೇಕೆಂದು ನಾವೇ ಕಲಿಸಿಬಿಟ್ಟಿದ್ದೇವೆ. ಇದು ನನಗೆ ಇಂದಿಗೂ ಬೇಸರದ ಸಂಗತಿ.

ನನಗೆ ಬಹಳ ಪ್ರಿಯವಾದ ಪದ ‘ಷೇಮ್‌ಲೆಸ್‌ನೆಸ್’. ಇದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಕೊನೆಯಿಂದ ಒಂದೊಂದೇ ಭಾಗವನ್ನು ಅಂಗೈಯಿಂದ ಮುಚ್ಚುತ್ತೇನೆ. ‘ನೆಸ್’ ಮುಚ್ಚಿದರೆ ‘ಷೇಮ್‌ಲೆಸ್’, ‘ಲೆಸ್’ ಮುಚ್ಚಿದರೆ ‘ಷೇಮ್’. ಅದರ ಕೆಳಗೆ ‘ನಾಚಿಕೆಗೇಡಿತನ’ ಎಂದು ಬರೆದು ಹಾಗೆಯೇ ಮುಚ್ಚುತ್ತೇನೆ. ‘ತನ’ ಹೋದರೆ ನಾಚಿಕೆಗೇಡಿ, ‘ಗೇಡಿ’ ಹೋದರೆ ನಾಚಿಕೆ. ಎರಡು ಭಾಷೆಗಳೂ ಅದೇ ಮೂರು ಮೆಟ್ಟಿಲನ್ನು ಅದೇ ಕ್ರಮದಲ್ಲಿ ಹತ್ತಿವೆ. ಇದನ್ನು ಕಂಡಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು. ಗೂಡಿನ ತುದಿಯೆಳೆ ಸಿಕ್ಕರೆ ನೂಲು ತಾನಾಗಿ ಬಿಚ್ಚಿಕೊಂಡು ಬರುತ್ತದೆ ಎಂಬುದು ರೀಲರ್ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾದ ಮಾತಲ್ಲ.

ಇಲ್ಲಿ ಒಂದು ನಿಯಮವನ್ನೂ ಕಾಣಿಸುತ್ತೇನೆ. ಹೊಸ ಪದ ಕಟ್ಟುವ ಪ್ರತ್ಯಯ ಬೇರಿಗೆ ಹತ್ತಿರ ಕೂರುತ್ತದೆ. ಸಂಖ್ಯೆಯನ್ನೋ ವಿಭಕ್ತಿಯನ್ನೋ ಹೇಳುವಂಥದ್ದು ಹೊರಗಡೆ ನಿಲ್ಲುತ್ತದೆ. ‘ಟೀಚರ್ಸ್’ ಎನ್ನುವಾಗ ‘ಅರ್’ ಒಳಗೆ, ‘ಎಸ್’ ಹೊರಗೆ. ‘ಬಳೆಗಾರರಿಗೆ’ ಎನ್ನುವಾಗ ‘ಗಾರ’ ಒಳಗೆ, ‘ಇಗೆ’ ಹೊರಗೆ.

‘ನೆಸ್’ ಎಲ್ಲಿ, ‘ಇಟಿ’ ಎಲ್ಲಿ ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಅದಕ್ಕೆ ಉತ್ತರ ‘ತನ’ ಮತ್ತು ‘ತೆ’ಗಳಲ್ಲಿದೆ. ಬಡತನ ಎನ್ನುತ್ತೇವೆ, ‘ಬಡತೆ’ ಎನ್ನುವುದಿಲ್ಲ. ‘ತೆ’ ಹೆಚ್ಚಾಗಿ ಸಂಸ್ಕೃತ ಪದಗಳನ್ನು ಅರಸುತ್ತದೆ: ಮಾನವೀಯತೆ, ಸ್ವಚ್ಛತೆ. ‘ತನ’ ಮಾತ್ರ ಉದಾರಿ; ‘ಮೂರ್ಖ’ ಎಂಬಂಥ ಸಂಸ್ಕೃತ ಪದವನ್ನೂ ಸೇರಿಸಿಕೊಂಡು ‘ಮೂರ್ಖತನ’ ಮಾಡುತ್ತದೆ. ‘ನೆಸ್’ ಇಂಗ್ಲಿಷ್‌ನ ಸ್ವಂತ ಪ್ರತ್ಯಯ, ‘ತನ’ದಂತೆಯೇ ಎಲ್ಲೆಡೆ ಒಗ್ಗುತ್ತದೆ. ‘ಇಟಿ’ ಲ್ಯಾಟಿನ್ ಮೂಲದ್ದು, ಬಹುಪಾಲು ಲ್ಯಾಟಿನ್ ಪದಗಳ ಜೊತೆಗೇ ಇರುತ್ತದೆ: ಎಬಿಲಿಟಿ, ಕ್ಯೂರಿಯಾಸಿಟಿ. ಅನುಮಾನವಾದರೆ ‘ನೆಸ್’ ಹಾಕಿ ಎಂದು ಹೇಳುತ್ತೇನೆ. ತಪ್ಪಾದರೂ ಅರ್ಥ ಕೆಡುವುದಿಲ್ಲ.

ಪದದ ಆರಂಭದಲ್ಲಿ ಬರುವ ಭಾಗಗಳಿಗೆ ನಮ್ಮ ಹೊಲದ ಟ್ರ್ಯಾಕ್ಟರ್ ಸಾಕು. ‘ಟ್ರ್ಯಾಕ್ಟ್’ ಎಂದರೆ ಲ್ಯಾಟಿನ್‌ನಲ್ಲಿ ಎಳೆಯುವುದು. ಟ್ರ್ಯಾಕ್ಟರ್ ಎಳೆಯುವ ಯಂತ್ರ, ‘ಅಟ್ರ್ಯಾಕ್ಟ್’ ತನ್ನತ್ತ ಎಳೆಯುವುದು, ‘ಎಕ್ಸ್‌ಟ್ರ್ಯಾಕ್ಟ್’ ಹೊರಗೆಳೆಯುವುದು, ‘ಡಿಸ್ಟ್ರ್ಯಾಕ್ಟ್’ ಗಮನವನ್ನು ಬೇರೆಡೆಗೆ ಎಳೆಯುವುದು, ಗಣಿತದ ‘ಸಬ್‌ಟ್ರ್ಯಾಕ್ಟ್’ ಕೆಳಗಿನಿಂದ ಎಳೆದು ತೆಗೆಯುವುದು. ನಮ್ಮ ಕನ್ನಡ ಮೇಷ್ಟ್ರು ಇದನ್ನು ಕೇಳಿ ‘ಹೃ’ ಧಾತುವನ್ನು ನೆನಪಿಸಿದರು. ಉಪಸರ್ಗ ಬದಲಾದಂತೆ ಅದೊಂದೇ ಧಾತು ಆಹಾರ, ವಿಹಾರ, ಸಂಹಾರ, ಪರಿಹಾರ ಆಗುತ್ತದೆ. ಈಗ ನಾವಿಬ್ಬರೂ ಆ ಪಾಠವನ್ನು ಒಂದೇ ವಾರದಲ್ಲಿ ಮಾಡುತ್ತೇವೆ.

ಬಿಡಿಸುವ ಉತ್ಸಾಹ ಹೆಚ್ಚಾದಾಗ ತೊಡಕೂ ಆಯಿತು. ‘ಕಾರ್ನರ್’ ಎಂದರೆ ಜೋಳ ಬೆಳೆಯುವವನೇ ಎಂದು ಒಬ್ಬ ಕೇಳಿದ. ಆಗ ‘ಮಲ್ಲಿಗೆ’ ಎಂದು ಹಲಗೆಯ ಮೇಲೆ ಬರೆದೆ. ಮಲ್ಲಿಗೆ ಕೊಟ್ಟೆ ಎಂದರೆ ಮಲ್ಲಿ ಎಂಬುವಳಿಗೆ ಕೊಟ್ಟದ್ದೋ, ಹೂವನ್ನು ಕೊಟ್ಟದ್ದೋ? ಹೂವಿನ ಹೆಸರಿನಲ್ಲಿರುವ ‘ಗೆ’ ಚತುರ್ಥಿ ವಿಭಕ್ತಿಯಲ್ಲ. ಹಾಗೆಯೇ ‘ಕಾರ್ನರ್’, ‘ಫಿಂಗರ್’ ಪದಗಳ ಕೊನೆಯ ‘ಅರ್’ ಮಾಡುವವನ ‘ಅರ್’ ಅಲ್ಲ. ತೆಗೆದ ಮೇಲೆ ಉಳಿದದ್ದಕ್ಕೂ ಇಡೀ ಪದಕ್ಕೂ ಅರ್ಥದ ನಂಟು ಇದೆಯೇ ಎಂದು ನೋಡಬೇಕು. ನಂಟಿಲ್ಲದಿದ್ದರೆ ಬಿಡಿಸಬಾರದು.

ಇದಕ್ಕಿಂತ ಅಪಾಯದ ಪದವೊಂದು ಹೆದ್ದಾರಿಯಲ್ಲಿದೆ. ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ‘ಇನ್’ ಎಂದರೆ ಅಲ್ಲ ಎಂದು ಕಲಿತ ಮಗು ಅದನ್ನು ಬೆಂಕಿ ಹತ್ತದ ವಸ್ತು ಎಂದು ಓದಿತು. ಇಲ್ಲಿನ ‘ಇನ್’ ನಿಷೇಧದ್ದಲ್ಲ, ‘ಒಳಗೆ’ ಎಂಬ ಅರ್ಥದ್ದು. ಬೇಗ ಹೊತ್ತಿ ಉರಿಯುವುದೆಂದೇ ಆ ಪದದ ಅರ್ಥ. ಈ ಒಂದು ಪದವನ್ನು ಮಾತ್ರ ನಾನು ಈಗಲೂ ಬಾಯಿಪಾಠ ಮಾಡಿಸುತ್ತೇನೆ.

ಕಳೆದ ವರ್ಷ ‘ಸೈಡ್’ ಎಂಬ ಭಾಗವನ್ನು ಕಲಿಸಿದೆ. ಪಕ್ಕ ಎಂಬರ್ಥದ ಸೈಡ್ ಅಲ್ಲ, ಕೊಲ್ಲು ಎಂಬರ್ಥದ್ದು; ನಮ್ಮ ‘ನಾಶಕ’ದ ಜಾಗದಲ್ಲಿ ನಿಲ್ಲುವಂಥದ್ದು. ಇನ್ಸೆಕ್ಟಿಸೈಡ್ ಕೀಟನಾಶಕ, ಫಂಗಿಸೈಡ್ ಶಿಲೀಂಧ್ರನಾಶಕ, ಹರ್ಬಿಸೈಡ್ ಕಳೆನಾಶಕ. ನಮ್ಮ ಕಡೆ ತೋಟಕ್ಕೆ ಹೊಡೆಯುವುದನ್ನೆಲ್ಲ ‘ಔಷಧಿ’ ಎಂದೇ ಕರೆಯುತ್ತಾರೆ. ಮೂರು ದಿನ ಬಿಟ್ಟು ಹತ್ತನೇ ತರಗತಿಯ ಹುಡುಗನೊಬ್ಬ ನನ್ನ ಬಳಿ ಬಂದ. ಅವನ ಮನೆಯ ಕೊಟ್ಟಿಗೆಯಲ್ಲಿ ಎರಡು ಡಬ್ಬಿಗಳಿದ್ದವಂತೆ. ಒಂದರ ಮೇಲೆ ‘ಹರ್ಬಿಸೈಡ್’ ಎಂದಿತ್ತು. ಹರ್ಬಲ್ ಶಾಂಪೂವಿನಿಂದ ‘ಹರ್ಬ್’ ಎಂದರೆ ಗಿಡಮೂಲಿಕೆ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಅದು ಗಿಡಮೂಲಿಕೆಯ ಔಷಧಿ ಎಂದೇ ಇಷ್ಟು ದಿನ ತಿಳಿದಿದ್ದನಂತೆ. ಆ ಸಂಜೆ ಪದದ ಕೊನೆಯಿಂದ ಓದಿದ. ಹಳೆಯ ನೋಟ್‌ಪುಸ್ತಕದ ಹಾಳೆ ಹರಿದು, ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಿದ್ದಾನೆ: ‘ಕಳೆನಾಶಕ. ಟೊಮೆಟೊಗೆ ಹೊಡೆಯಬೇಡಿ ಅಪ್ಪಾ.’