ಕಾರ್ ಆಂಪ್ ವೈರಿಂಗ್: ನಾನು ಅರ್ತ್‌ನಿಂದಲೇ ಶುರು ಮಾಡುವುದು ಯಾಕೆ

ಆಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ 'ಕುಂಯ್' ಅನ್ನುವ ಸದ್ದು ಏರುತ್ತಾ ಹೋದರೆ, ಹೊಸ ಆಂಪ್ (ಆಂಪ್ಲಿಫೈಯರ್) ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಓಡಬೇಡಿ. ಇಂಥ ಕಾರು ಬಂದಾಗ ನಾನು ಮೊದಲು ನೋಡುವುದು ಆಂಪಿನ ನೆಗೆಟಿವ್ ವೈರು ಕಾರಿನ ಬಾಡಿಗೆ ಸೇರುವ ಬೋಲ್ಟನ್ನು, ಅಂದರೆ ಅರ್ತನ್ನು. ಹೆಚ್ಚಿನ ಸಲ ತೊಂದರೆ ಅಲ್ಲೇ ಇರುತ್ತದೆ.

ಡಿಕ್ಕಿಯ ಕಾರ್ಪೆಟ್ ಎತ್ತಿ, ಆಂಪಿನಿಂದ 45 ಸೆಂ.ಮೀ. ಒಳಗೆ ದಪ್ಪ ತಗಡು ಸಿಗುವ ಜಾಗ ಹುಡುಕಿ. ಸೀಟ್ ಬೆಲ್ಟ್ ಬೋಲ್ಟಿಗೆ ಮಾತ್ರ ಕೈ ಹಾಕಬೇಡಿ, ಅದು ಜೀವ ಉಳಿಸಲು ಇರುವಂಥದ್ದು. ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಉಪ್ಪುಕಾಗದದಿಂದ ಪೇಂಟ್ ಉಜ್ಜಿ ತೆಗೆಯಿರಿ. ತಪ್ಪಾಗುವುದು ಇಲ್ಲಿ: ಪೇಂಟ್ ಹೋದ ಮೇಲೆ ಬೂದು ಬಣ್ಣ ಕಾಣುತ್ತದೆ, ತಗಡು ಸಿಕ್ಕಿತು ಅಂತ ನಿಲ್ಲಿಸಿಬಿಡುತ್ತಾರೆ. ಅದು ಪ್ರೈಮರ್, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಬೆಳಕು ಬಿಟ್ಟರೆ ಕನ್ನಡಿಯ ಹಾಗೆ ಮಿಂಚುವವರೆಗೆ ಉಜ್ಜಬೇಕು. ವೈರಿನ ತುದಿಗೆ ಕ್ರಿಂಪ್ ಮಾಡಿದ (ಒತ್ತಿ ಕೂರಿಸಿದ) ಉಂಗುರದಂಥ ರಿಂಗ್ ಲಗ್ ಇಟ್ಟು ಬೋಲ್ಟ್ ಬಿಗಿ ಮಾಡಿ, ಆಮೇಲೆ ಮೇಲಿನಿಂದ ಗ್ರೀಸ್ ಸವರಿ. ಹಾಗೇ ಬಿಟ್ಟರೆ ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯುತ್ತದೆ.

ಅರ್ತ್ ಸರಿಯಿದೆಯೇ ಎಂದು ಓಮ್ಸ್‌ನಲ್ಲಿ ಅಳೆದರೆ ಗೊತ್ತಾಗುವುದಿಲ್ಲ. ಕೂದಲಷ್ಟು ಎಳೆ ತಾಗಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ. ಹಾಡು ಜೋರಾಗಿ ಹಾಕಿ, ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಆಂಪಿನ ನೆಗೆಟಿವ್ ಸ್ಕ್ರೂಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿಯಿರಿ. 0.1 ವೋಲ್ಟ್ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ. ಅರ್ಧ ವೋಲ್ಟ್ ಬಂದರೆ ಬಿಚ್ಚಿ ಮತ್ತೆ ಉಜ್ಜಿ.

ಪವರ್ ವೈರಿನ ಲೆಕ್ಕ ಸರಳ. ನಾಲ್ಕು ಚಾನಲ್, ತಲಾ 50 ವಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಪವರ್) ಅಂದರೆ ಒಟ್ಟು 200 ವಾಟ್. ಕ್ಲಾಸ್ ಎಬಿ ಎಂಬ ಬಗೆಯ ಆಂಪ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣವನ್ನು ಬಿಸಿಯಾಗಿ ಕಳೆಯುತ್ತದೆ, ಹಾಗಾಗಿ 400 ವಾಟ್ ಎಳೆಯುತ್ತದೆ. 13.8 ವೋಲ್ಟ್‌ನಲ್ಲಿ ಅದು ಸುಮಾರು 29 ಆಂಪಿಯರ್. ಇದಕ್ಕೆ 8 ಗೇಜ್ ಶುದ್ಧ ತಾಮ್ರದ ವೈರು, 40 ಆಂಪಿಯರ್ ಫ್ಯೂಸ್ ಸಾಕು. ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಅದನ್ನೇ ಹಾಕುವುದಾದರೆ ಇನ್ನೂ ದಪ್ಪದ 4 ಗೇಜ್ ಬೇಕು. ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಲಿ: ಅದು ಕಾಯುವುದು ಆಂಪನ್ನಲ್ಲ, ಕಾರಿನುದ್ದಕ್ಕೂ ಹರಿದ ವೈರನ್ನು. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರೋಮೆಟ್ (ಅಂಚಿಗೆ ಕೂರುವ ಬಳೆ) ಇಲ್ಲದಿದ್ದರೆ ತಗಡಿನ ಅಂಚು ಇನ್ಸುಲೇಷನ್ ಕೊಯ್ಯುತ್ತದೆ, ಬೆಂಕಿ ಹೊತ್ತುವುದು ಅಲ್ಲಿಂದಲೇ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡುವುದಂತೂ ಇದ್ದೇ ಇದೆ.

ಅರ್ತ್ ಸರಿ ಮಾಡಿದ ಮೇಲೂ 'ಕುಂಯ್' ನಿಲ್ಲದಿದ್ದರೆ? ಸ್ಟೀರಿಯೊದಿಂದ ಆಂಪಿಗೆ ಹಾಡು ಒಯ್ಯುವ ಕೇಬಲ್ಲಿನ ತುದಿಯಲ್ಲಿರುವಂಥ ಎರಡು ಆರ್‌ಸಿಎ ಪಿನ್ ತಗೊಂಡು, ಪ್ರತಿಯೊಂದರ ನಡುವಿನ ಕಡ್ಡಿಯನ್ನು ಹೊರಗಿನ ಉಂಗುರಕ್ಕೆ ಬೆಸುಗೆ ಹಾಕಿ. ಆಂಪ್ ಆಫ್ ಮಾಡಿ, ಸ್ಟೀರಿಯೊ ಕೇಬಲ್ ಕಿತ್ತು, ಇನ್‌ಪುಟ್‌ಗೆ ಇವನ್ನು ಸಿಕ್ಕಿಸಿ ಎಂಜಿನ್ ಶುರು ಮಾಡಿ. ಸದ್ದು ಉಳಿದರೆ ದೋಷ ಆಂಪ್ ಅಥವಾ ಅದರ ಪವರ್ ಕಡೆ. ನಿಂತರೆ ಕೇಬಲ್ ಅಥವಾ ಸ್ಟೀರಿಯೊ ಕಡೆ. ಆಗ ಆರ್‌ಸಿಎ ಕೇಬಲ್ ಪವರ್ ವೈರಿನ ಪಕ್ಕದಲ್ಲೇ ಹೋಗಿದ್ದರೆ ಕಾರಿನ ಇನ್ನೊಂದು ಬದಿಗೆ ಎಳೆಯಿರಿ. ಆಮೇಲೆ ಸ್ಟೀರಿಯೊದ ಆರ್‌ಸಿಎ ಹೊರ ಉಂಗುರಕ್ಕೂ ಅದರ ಲೋಹದ ಪೆಟ್ಟಿಗೆಗೂ ನಡುವೆ ಓಮ್ಸ್ ಅಳೆಯಿರಿ. ಬಹುತೇಕ ಸೆಟ್‌ಗಳಲ್ಲಿ ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಸ್ಟೀರಿಯೊ ಒಳಗಿನ ಪುಟ್ಟ ಫ್ಯೂಸ್ ಸುಟ್ಟಿರಬಹುದು. ಅದನ್ನು ಸುಡುವುದೂ ಸಡಿಲ ಅರ್ತೇ: ಆಂಪಿಗೆ ನೆಗೆಟಿವ್ ದಾರಿ ತಪ್ಪಿದಾಗ ಕರೆಂಟ್ ಆರ್‌ಸಿಎ ಕವಚದ ಮೂಲಕ ನುಗ್ಗುತ್ತದೆ. ಆಂಪ್ ಆನ್ ಇದ್ದಾಗ ವೈರುಗಳನ್ನು ಕಿತ್ತಾಡಬಾರದು ಎನ್ನುವುದು ಇದಕ್ಕೇ.

ಆಂಪಿನ ಪ್ರೊಟೆಕ್ಟ್ ಲೈಟ್ (ದೋಷ ಕಂಡು ಆಂಪ್ ತಾನೇ ನಿಂತಿದೆ ಎನ್ನುವ ಗುರುತು) ಉರಿದರೆ ಸ್ಪೀಕರ್ ವೈರುಗಳನ್ನೆಲ್ಲ ಬಿಚ್ಚಿ ಆನ್ ಮಾಡಿ. ಲೈಟ್ ಹೋದರೆ ಒಂದೊಂದಾಗಿ ಸೇರಿಸುತ್ತಾ ಬನ್ನಿ. ಬಾಗಿಲ ಕೀಲಿನಲ್ಲಿ ಜಜ್ಜಿದ ವೈರು ಬಾಡಿಗೆ ತಾಗಿರುವುದೇ ಹೆಚ್ಚು. 4 ಓಮ್ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8 ತೋರಿಸಿದರೆ ಅದು ಸರಿಯೇ, ಕೆಟ್ಟಿದೆಯೆಂದು ಬಿಸಾಡಬೇಡಿ.

ಸ್ಟೀರಿಯೊದಿಂದ ಬಂದ ಸಿಗ್ನಲನ್ನು ಆಂಪ್ ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ಗೇನ್ ಕೊನೆಗೆ. ಸ್ಪೀಕರ್ ಬಿಚ್ಚಿ, ಸದ್ದನ್ನು ಸೋಸುವ ಕ್ರಾಸ್‌ಓವರ್ ಆಫ್ ಮಾಡಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು 100 ಹರ್ಟ್ಜ್ ಟೋನ್ ಹಾಕಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪಿನ ಸ್ಪೀಕರ್ ಸ್ಕ್ರೂಗಳಿಗೆ ಹಿಡಿಯಿರಿ. ಅಗ್ಗದ ಮೀಟರುಗಳು 400 ಹರ್ಟ್ಜ್ ದಾಟಿದರೆ ಎಸಿ ವೋಲ್ಟ್ ತಪ್ಪಾಗಿ ತೋರಿಸುತ್ತವೆ. 50 ವಾಟನ್ನು ಸ್ಪೀಕರಿನ 4 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ 14.1. ಅಷ್ಟು ವೋಲ್ಟ್ ಬರುತ್ತಿದ್ದಂತೆ ಗೇನ್ ಏರಿಸುವುದನ್ನು ನಿಲ್ಲಿಸಿ. ಒಂದು ವಾರ ಓಡಿಸಿದ ಮೇಲೆ ಅರ್ತ್ ಬೋಲ್ಟ್ ಮತ್ತು ಫ್ಯೂಸ್ ಹೋಲ್ಡರ್ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿ ಮಾಡಿ; ಸ್ಕ್ರೂ ಕೆಳಗೆ ತಾಮ್ರದ ಎಳೆಗಳು ಅಮುಕಿಕೊಂಡು ಕಾಲು ಸುತ್ತಿನಷ್ಟು ಸಡಿಲ ಸಿಕ್ಕೇ ಸಿಗುತ್ತದೆ.