ನಾಯಿಮರಿಯ ಮೊದಲ ಆರು ತಿಂಗಳು

ಕಣ್ಣು ಬಿಟ್ಟ ಕೂಡಲೇ ತಂದು ಸಾಕಿದರೆ ಮರಿ ಚೆನ್ನಾಗಿ ಒಗ್ಗಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯ ಬಳಿಯೇ ಬಿಡುವುದು ಲೇಸು. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಕೆಲವು ವಾರಗಳಲ್ಲಿ ಕರಗುತ್ತಾ ಹೋಗುತ್ತದೆ. ಅದು ಕರಗುವುದಕ್ಕೂ ಲಸಿಕೆಯ ಬಲ ಕೂಡುವುದಕ್ಕೂ ನಡುವಿನ ದಿನಗಳಲ್ಲಿ ಮರಿಗಳಿಗೆ ರೋಗ ಸುಲಭವಾಗಿ ತಗಲುತ್ತದೆ.

ಮೊದಲ ಚುಚ್ಚುಮದ್ದನ್ನು ಆರರಿಂದ ಎಂಟು ವಾರದೊಳಗೆ ಹಾಕಿಸಿ, ಬಳಿಕ ಮೂರು ನಾಲ್ಕು ವಾರಗಳಿಗೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೆ ಮುಂದುವರಿಸಬೇಕು. ಒಂದೇ ಲಸಿಕೆಯನ್ನು ಮತ್ತೆ ಮತ್ತೆ ಏಕೆ ಎಂದು ಗೊಣಗುವವರಿದ್ದಾರೆ. ತಾಯಿಯಿಂದ ಬಂದ ರಕ್ಷಣೆ ಇರುವಷ್ಟು ದಿನ ಅದು ಲಸಿಕೆಯನ್ನೂ ನಿಷ್ಫಲಗೊಳಿಸುತ್ತದೆ, ಅದು ಯಾವ ಮರಿಯಲ್ಲಿ ಎಂದು ಇಳಿಯುತ್ತದೆಂದು ಹೊರಗಿನಿಂದ ಹೇಳಲಾಗದು. ಆದ್ದರಿಂದಲೇ ಈ ಸರಣಿ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದಾಗ ಹಾಕುತ್ತಾರೆ, ಮುಂದಿನ ವರಸೆಯನ್ನು ಪಶುವೈದ್ಯರು ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಸರಣಿ ಮುಗಿದು ಎರಡು ವಾರ ಕಳೆಯುವವರೆಗೆ ಬೀದಿನಾಯಿಗಳು ಓಡಾಡುವ ನೆಲದ ಮೇಲೆ ಮರಿಯನ್ನು ಬಿಡಬೇಡಿ, ಏಕೆಂದರೆ ವಾಂತಿ, ರಕ್ತಭೇದಿ ತರುವ ಪಾರ್ವೊ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಾಗಿದ್ದು ನಮ್ಮ ಚಪ್ಪಲಿಯ ಜೊತೆಗೂ ಒಳಗೆ ಬರುತ್ತದೆ. ಹಾಗೆಂದು ಮನೆಯೊಳಗೇ ಕೂಡಿಹಾಕಿದರೆ ಅದು ಅಂಜುಬುರುಕಾಗುತ್ತದೆ. ಎತ್ತಿಕೊಂಡೇ ಗೇಟಿನ ಬಳಿ ನಿಂತು ಸ್ಕೂಟರಿನ ಸದ್ದು, ತರಕಾರಿಯವರ ಕೂಗು, ಅಪರಿಚಿತರ ಮುಖಗಳನ್ನು ಪರಿಚಯಿಸಬಹುದು.

ಜಂತುಹುಳು ತಾಯಿಯ ಗರ್ಭದಲ್ಲಿಯೇ ಮರಿಯನ್ನು ಸೇರಿರುತ್ತದೆ. ಮೈ ಸೊರಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಅದನ್ನು ಪುಷ್ಟಿಯೆಂದು ತಿಳಿಯಬಾರದು. ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧ ಕೊಡುವುದು ರೂಢಿ. ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ, ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕವನ್ನು ಕಳೆದು ಪ್ರತಿ ಬಾರಿಯೂ ಬರೆದಿಡಿ. ಈ ಹುಳು ಮನುಷ್ಯರಿಗೂ ತಗಲುವುದರಿಂದ ಮಕ್ಕಳು ಆಡಿದ ಬಳಿಕ ಸೋಪಿನಿಂದ ಕೈ ತೊಳೆಯಲೇಬೇಕು.

ಊಟದ ವಿಷಯದಲ್ಲಿ ನಮ್ಮ ಮನೆಗಳ ಹಾಲನ್ನವೇ ಅನೇಕ ತೊಂದರೆಗಳ ಮೂಲ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಅರಗದೆ ಭೇದಿಯಾಗುತ್ತದೆ, ಬರೀ ಅನ್ನದಿಂದ ಬೆಳೆಯುವ ಮೂಳೆಗೆ ಬೇಕಾದುದು ದೊರೆಯುವುದಿಲ್ಲ. ಮರಿಗಳಿಗೆಂದೇ ತಯಾರಾದ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ, ಆರಿಸಿ, ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಹೊತ್ತು, ಬಳಿಕ ಮೂರು ಹೊತ್ತು ಕೊಡಿ. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಮೊಟ್ಟೆಯನ್ನೋ ಮೂಳೆ ತೆಗೆದ ಕೋಳಿಯನ್ನೋ ಸ್ವಲ್ಪ ಬೆರೆಸಬಹುದು. ದೊಡ್ಡ ತಳಿಯ ಮರಿಗೆ ಅಂಗಡಿಯಿಂದ ಕ್ಯಾಲ್ಸಿಯಂ ತಂದು ಹುಯ್ಯುವ ಉತ್ಸಾಹ ಬೇಡ, ಅತಿಯಾದ ಕ್ಯಾಲ್ಸಿಯಂ ಮೂಳೆಯನ್ನೇ ಕೆಡಿಸುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್ ಇವು ನಾಯಿಗೆ ವಿಷ. ಬೇಯಿಸಿದ ಕೋಳಿಯ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಜ್ವರವೆಂದು ನಮ್ಮ ಮಾತ್ರೆಗಳನ್ನು ಕೊಡುವುದಂತೂ ಕೂಡದು. ನಾಯಿಯ ಸಹಜ ಉಷ್ಣತೆಯೇ 38ರಿಂದ 39 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುವುದರಿಂದ ಅದರ ಮೈ ನಮ್ಮ ಕೈಗೆ ಯಾವಾಗಲೂ ಬಿಸಿಯಾಗಿಯೇ ತೋರುತ್ತದೆ.

ರಕ್ತ ಹೀರುವ ಉಣ್ಣೆಹುಳುಗಳನ್ನು ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ದಿನವೂ ಹುಡುಕಬೇಕು. ಚಿಮಟದಿಂದ ಚರ್ಮದ ಸಮೀಪದಲ್ಲಿ ಹಿಡಿದು ನೇರವಾಗಿ ಎಳೆಯಿರಿ, ಬೆರಳಿನಿಂದ ಹೊಸಕಬೇಡಿ. ದನಗಳಿಗೆ ಹಚ್ಚುವ ಉಣ್ಣೆ ಔಷಧವನ್ನು ಮರಿಗೆ ಸವರುವ ಪದ್ಧತಿ ಹಳ್ಳಿಗಳಲ್ಲಿ ಕಾಣುತ್ತದೆ. ಮೈ ನೆಕ್ಕುವ ಮರಿಗೆ ಅದು ಪ್ರಾಣಾಪಾಯ ತರಬಲ್ಲದು.

ಊಟ ಬಿಟ್ಟು ಮೂಲೆ ಸೇರಿದ ಮರಿ ವಾಂತಿ ಮಾಡಿ, ದುರ್ನಾತದ ರಕ್ತಭೇದಿ ಆರಂಭಿಸಿದರೆ ಮನೆಮದ್ದಿನಲ್ಲಿ ಒಂದು ರಾತ್ರಿಯನ್ನೂ ಕಳೆಯದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಅಷ್ಟು ಚಿಕ್ಕ ಮೈಯಿಂದ ನೀರು ಬೇಗ ಬತ್ತುತ್ತದೆ, ಡ್ರಿಪ್ ಹಾಕಿದರೆ ಮಾತ್ರ ಉಳಿಯುವ ಸ್ಥಿತಿ ಕೆಲವೇ ಗಂಟೆಗಳಲ್ಲಿ ಬರಬಹುದು.

ನಾಲ್ಕನೆಯ ತಿಂಗಳಿನಿಂದ ಹಾಲುಹಲ್ಲು ಉದುರತೊಡಗಿ ಮರಿ ಕಂಡದ್ದನ್ನೆಲ್ಲ ಕಚ್ಚುತ್ತದೆ. ಅದನ್ನು ಹೊಡೆಯದೆ ಜಗಿಯಲು ಗಟ್ಟಿ ರಬ್ಬರಿನ ಆಟಿಕೆ ಕೊಡಿ. ಆಟದಲ್ಲಿ ಹಲ್ಲು ತಗಲಿ ಯಾರದಾದರೂ ಚರ್ಮ ಒಡೆದರೆ, ಮನೆಯ ಮರಿಯೇ ಅಲ್ಲವೇ ಎಂದು ಸುಮ್ಮನಾಗದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ. ಹೋಗುವಾಗ ಮರಿಯ ಲಸಿಕೆ ಕಾರ್ಡನ್ನೂ ಒಯ್ಯಿರಿ.