ಬಾರ್ನ್ ನಮ್ಮದೇ, ದೀಪಕ್ಕೆ ಮಾತ್ರ ಅರ್ಜಿ

ಅಮೆರಿಕದ ಓಹಾಯೊ ರಾಜ್ಯದ ಹಳ್ಳಿಗಾಡಿನಲ್ಲಿ ನಾವು ಮನೆ ತಗೊಂಡಾಗ ಹಿತ್ತಲಲ್ಲಿ ಒಂದು ಮುದಿ ಬಾರ್ನ್ ನಿಂತಿತ್ತು, ಅಂದರೆ ದನ, ಹುಲ್ಲು, ಬೆಳೆ ಎಲ್ಲ ಒಂದೇ ಸೂರಿನಡಿ ಇಡುವ ಮರದ ದೊಡ್ಡ ಕಟ್ಟಡ. ಮನೆ ತೋರಿಸಿದ ಏಜೆಂಟು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. 'ಕೆಡವಿಸಿಬಿಡಿ, ಹಳೇ ಮರಕ್ಕೆ ಒಳ್ಳೇ ದುಡ್ಡು ಬರುತ್ತೆ' ಅಂದರು. ಅದೇನೂ ಸುಳ್ಳಲ್ಲ. ಹೋಟೆಲಿನ ಗೋಡೆಗೆ ಅಲಂಕಾರ ಮಾಡೋಕೆ ಇಂಥ ಹಲಗೆಗಳನ್ನು ಹುಡುಕಿಕೊಂಡು ಬರುವವರಿದ್ದಾರೆ.

ಇದು ದಿಬ್ಬಕ್ಕೆ ಆನಿಸಿ ಕಟ್ಟಿದ ಎರಡಂತಸ್ತಿನ ಬಾರ್ನ್. ಮೇಲಿನ ಕಡೆಯಿಂದ ಗಾಡಿ ನೇರ ಒಳಗೆ ಬರಬಹುದು, ಕೆಳಗಡೆ ದನದ ಕೊಟ್ಟಿಗೆ. ಮೇಲೆ ನಡುವಿನಲ್ಲಿ ದಪ್ಪ ಹಲಗೆಯ ನೆಲ, ಎರಡೂ ಪಕ್ಕ ಹುಲ್ಲು ಒಟ್ಟುವ ಜಾಗ. ನನ್ನ ಹೆಂಡತಿ ನೋಡಿದವಳೇ 'ಇದು ಕಣ ಅಲ್ವಾ, ಸೂರಿನ ಕೆಳಗೇ ಮಾಡಿಕೊಂಡಿದ್ದಾರೆ!' ಅಂದಳು. ನಿಜ, ಗೋಧಿ ಬಡಿದು ತೂರುತ್ತಿದ್ದುದು ಅಲ್ಲೇ. ಕೆಡವುವ ಮಾತು ಅವತ್ತಿಗೇ ಮುಗಿಯಿತು.

ಮೊದಲು ಮಾಡಿಸಿದ್ದು ಛಾವಣಿ. ಮರದ ಬಾರ್ನ್ ವಯಸ್ಸಾಗಿ ಬೀಳುವುದಿಲ್ಲ, ನೀರು ಇಳಿದು ಬೀಳುತ್ತದೆ. ನಾವು ಮರೆತ ಒಂದು ತೂತು ಸಾಕು, ಅದರ ಕೆಳಗಿನ ತೊಲೆ ಹತ್ತು ವರ್ಷದಲ್ಲಿ ಪುಡಿ.

ಆಮೇಲೆ ಚಾರಿತ್ರಿಕ ಕಟ್ಟಡ ಅನ್ನೋ ಮಾನ್ಯತೆಯ ವಿಷಯ. ಇಲ್ಲಿ ಜಾಸ್ತಿ ಜನ ತಪ್ಪು ತಿಳಿದುಕೊಂಡಿದ್ದಾರೆ. 1966ರ ಕಾನೂನಿನಿಂದ ಬಂದ ರಾಷ್ಟ್ರೀಯ ಪಟ್ಟಿ ಒಂದಿದೆ. ಅದರಲ್ಲಿ ಹೆಸರು ಬಂದರೆ ಗೌರವ. ಆದರೆ ಮಾಲೀಕ ತನ್ನ ಸ್ವಂತ ದುಡ್ಡಲ್ಲಿ ಕಟ್ಟಡ ಉರುಳಿಸಿದರೆ ಆ ಪಟ್ಟಿ ತಡೆಯುವುದಿಲ್ಲ. ತಡೆಯುವ ಶಕ್ತಿ ಇರುವುದು ಊರಿನ ಆಡಳಿತ ಕೊಡುವ ಸ್ಥಳೀಯ ಮಾನ್ಯತೆಗೆ, ಅದೂ ಆ ಊರಿನ ನಿಯಮದಲ್ಲಿ ಹಾಗಿದ್ದರೆ. ನಾಳೆ ನಾವು ಮಾರಿದ ಮೇಲೂ ಇದು ನಿಂತಿರಬೇಕು ಅನ್ನೋದು ನಮ್ಮ ಆಸೆ. ಹಾಗಾಗಿ ಸ್ಥಳೀಯ ಮಾನ್ಯತೆಗೇ ಅರ್ಜಿ ಹಾಕಿದೆವು.

ಅರ್ಜಿಗೆ ವಯಸ್ಸಿನ ಪುರಾವೆ ಬೇಕು. ಜಮೀನಿನ ಕ್ರಯಪತ್ರದಲ್ಲಿ ಎಕರೆ ಇರುತ್ತದೆ, ಬಾರ್ನ್ ಇರುವುದಿಲ್ಲ. ಸಹಾಯಕ್ಕೆ ಬಂದದ್ದು ಹಳೇ ತೆರಿಗೆ ಪುಸ್ತಕ. 1870ರ ದಶಕದಲ್ಲಿ ಒಂದು ವರ್ಷ ಈ ಜಾಗದ ಬೆಲೆ ದಿಢೀರ್ ಅಂತ ಏರಿತ್ತು. ಏನೋ ಕಟ್ಟಿದ್ದಾರೆ ಅಂತಾಯಿತು. ಉಳಿದದ್ದನ್ನು ಮರವೇ ಹೇಳಿತು. ಟಾರ್ಚನ್ನು ಹಲಗೆಗೆ ಓರೆಯಾಗಿ ಹಿಡಿದರೆ ಗರಗಸದ ಗೆರೆ ಎದ್ದು ಕಾಣುತ್ತದೆ. ನೇರ ಗೆರೆ ಇದ್ದರೆ ಮೇಲೆ ಕೆಳಗೆ ಆಡುವ ಹಳೇ ಗರಗಸ. ನಮ್ಮದರಲ್ಲಿ ಕಮಾನಿನಂತೆ ಬಾಗಿದ ಗೆರೆ, ಅಂದರೆ ತಿರುಗುವ ಗರಗಸ, ಹತ್ತೊಂಬತ್ತನೇ ಶತಮಾನದ ನಡುವಿನಿಂದೀಚೆಗೆ ಎಲ್ಲ ಕಡೆ ಹರಡಿದ್ದು. ಮೊಳೆಗಳು ಚೌಕದ ಮೊಳೆ. ದುಂಡನೆಯ ತಂತಿ ಮೊಳೆ ಸಾಮಾನ್ಯವಾದದ್ದು 1890ರ ಹೊತ್ತಿಗೆ. ಕಂಬ ತೊಲೆ ಸೇರುವ ಕಡೆ ಉಳಿಯಲ್ಲಿ ಕೊರೆದ ರೋಮನ್ ಅಂಕಿಗಳಿದ್ದವು. ಯಾವ ತೊಲೆ ಯಾವ ಕಂಬಕ್ಕೆ ಅಂತ ಬಡಗಿ ಹಾಕಿಕೊಂಡ ಗುರುತು. ನಾಲ್ಕಕ್ಕೆ ಸುಮ್ನೆ ನಾಲ್ಕು ಗೀಟು ಎಳೆದಿದ್ದ. ಅದರ ಮೇಲೆ ಬೆರಳಾಡಿಸಿದಾಗ ಆದ ಖುಷಿ ಅರ್ಜಿಯಲ್ಲಿ ಬರೆಯೋಕಾಗಲ್ಲ.

ಇಷ್ಟಿದ್ದರೂ ನನಗೆ ಸಾಲದು ಅನ್ನಿಸಿತು. ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರು ನಮ್ಮ ಬಾರ್ನಿನಲ್ಲಿ ಅಡಗಿದ್ದರು ಅಂತ ಪಕ್ಕದ ಹೊಲದ ಅಜ್ಜ ಹೇಳಿದ್ದರು. ಓಹಾಯೊ ಮೂಲಕ ಸಾವಿರಾರು ಜನ ಹಾಗೆ ಪಾರಾದದ್ದು ಚರಿತ್ರೆ. ಅದನ್ನೂ ಸೇರಿಸಿದೆ. ಅರ್ಜಿ ನೋಡುವ ಊರಿನ ಸಮಿತಿಯ ಸಭೆಯಲ್ಲಿ ವಯಸ್ಸಾದ ಸದಸ್ಯೆಯೊಬ್ಬರು ಕನ್ನಡಕ ಮೂಗಿನ ತುದಿಗೆ ಜಾರಿಸಿ ಕೇಳಿದರು: 'ಗುಲಾಮಗಿರಿ ಮುಗಿದದ್ದು 1865ರಲ್ಲಿ. ನಿಮ್ಮ ಬಾರ್ನ್ 1870ರ ಮೇಲಿನದು ಅಂತ ನೀವೇ ಬರೆದಿದ್ದೀರಲ್ಲ?' ನಾನು ಬಾಯಿ ಮುಚ್ಚಿಕೊಂಡೆ. ಅರ್ಜಿ ವಾಪಸ್. ಎರಡನೇ ಸಲ ಇದ್ದದ್ದನ್ನೇ ಬರೆದೆ. ಮೊದಲು ಗೋಧಿ, ಆಮೇಲೆ ಹಾಲಿನ ದನ, ಅದಕ್ಕಾಗಿ ಕೆಳಗೆ ಸಿಮೆಂಟ್ ನೆಲ. ಒಪ್ಪಿಗೆ ಸಿಕ್ಕಿತು.

ರಿಪೇರಿಗೆ ಒಬ್ಬ ಆಮಿಶ್ ಬಡಗಿ ಸಿಕ್ಕರು. ಆಮಿಶ್ ಅಂದರೆ ಹಳೇ ರೀತಿಯಲ್ಲೇ ಸರಳವಾಗಿ ಬದುಕುವ ಒಂದು ಕ್ರೈಸ್ತ ಪಂಗಡ. ಮಾತು ಕಡಿಮೆ. ಒಂದು ಮೂಲೆ ಕುಸಿದಿತ್ತು. ಜಾಕ್ ಕೊಟ್ಟು ದಿನಕ್ಕೆ ಒಂದು ಇಂಚಿನ ಎಂಟನೇ ಒಂದು ಭಾಗದಷ್ಟೇ ಎತ್ತಿದರು. ಅವಸರ ಮಾಡಿದರೆ ಬೇರೆ ಕಡೆಯ ಕೀಲು ಸೀಳುತ್ತದಂತೆ. ಕಂಬ ಪೂರ್ತಿ ಬದಲಿಸಲಿಲ್ಲ. ಕೊಳೆತ ಬುಡ ಮಾತ್ರ ಕತ್ತರಿಸಿ, ಹೊಸ ಓಕ್ ತುಂಡಿಗೆ ಓರೆ ಕಚ್ಚು ಕೊಟ್ಟು ಬೆಸೆದರು. ಅಡಿಪಾಯದ ಮರಳುಗಲ್ಲಿಗೆ ಹಿಂದಿನವರು ಯಾರೋ ಸಿಮೆಂಟ್ ಮೆತ್ತಿದ್ದರು. ಸಿಮೆಂಟ್ ಕಲ್ಲಿಗಿಂತ ಗಟ್ಟಿ. ತೇವ ಸಂದಿನಿಂದ ಹೊರಬರಲಾಗದೆ ಕಲ್ಲಿನೊಳಗೇ ನಿಂತು, ಚಳಿಗೆ ಹೆಪ್ಪುಗಟ್ಟಿ, ಕಲ್ಲಿನ ಮುಖವೇ ಹಪ್ಪಳದ ಹಾಗೆ ಎದ್ದಿತ್ತು. ಅದನ್ನು ಉಳಿಯಲ್ಲಿ ಬಿಡಿಸಿ ಸುಣ್ಣದ ಗಾರೆ ತುಂಬಲು ಒಂದು ಬೇಸಿಗೆ ಪೂರ್ತಿ ಹೋಯಿತು. ಗೋಡೆ ಹಲಗೆಗಳ ನಡುವಿನ ಸಂದು ಮಾತ್ರ ಹಾಗೇ ಬಿಟ್ಟೆವು. ಅದು ಹುಲ್ಲಿಗೆ ಗಾಳಿ ಆಡಲಿ ಅಂತಲೇ ಬಿಟ್ಟದ್ದು. ಹಸಿ ಹುಲ್ಲು ಒಟ್ಟಿದರೆ ತಾನಾಗೇ ಕಾದು ಬೆಂಕಿ ಹತ್ತುತ್ತದೆ.

ದುಡ್ಡಿನ ಬಗ್ಗೆ ಕೇಳುತ್ತೀರಿ, ಗೊತ್ತು. ಕೇಂದ್ರದ 20 ಶೇಕಡಾ ತೆರಿಗೆ ರಿಯಾಯಿತಿ ಆದಾಯ ತರುವ ಕಟ್ಟಡಕ್ಕೆ ಮಾತ್ರ. ನಮ್ಮದರಲ್ಲಿ ಟ್ರ್ಯಾಕ್ಟರ್ ಮತ್ತು ಗುಬ್ಬಿ ಇರುತ್ತವೆ. ಏನೂ ಸಿಗಲಿಲ್ಲ.

ರಸ್ತೆ ಕಡೆಯ ಗೋಡೆಯಲ್ಲಿ ಮೇಲ್ ಪೌಚ್ ತಂಬಾಕಿನ ಹಳೇ ಜಾಹೀರಾತು ಇದೆ, ಅರ್ಧ ಮಾಸಿದೆ. ಹೊಸದಾಗಿ ಬರೆಸೋಣ ಅಂದೆ. ಸಮಿತಿ ಬೇಡ ಅಂದಿತು, ಮಾಸಿದ್ದು ಮಾಸಿದ ಹಾಗೇ ಇರಲಿ ಅಂತ. ನನಗೆ ಸಿಟ್ಟು ಬಂತು. ಈಗ ಸಂಜೆ ಓರೆ ಬಿಸಿಲಲ್ಲಿ ಆ ಅಕ್ಷರಗಳು ತೇಲಿ ಬರುವುದು ನೋಡಿದಾಗ ಅವರೇ ಸರಿ ಅನ್ನಿಸುತ್ತದೆ, ಅವರೆದುರು ಹೇಳಿಲ್ಲ.

ಮೊನ್ನೆ ಬಾಗಿಲ ಮೇಲೆ ಒಂದು ದೀಪ ಬೇಕಾಯಿತು. ಹೊರಗೋಡೆ ಮುಟ್ಟಬೇಕಾದರೆ ಒಪ್ಪಿಗೆ ಪತ್ರ ಬೇಕು. ಅರ್ಜಿ ಕೊಟ್ಟಿದ್ದೇನೆ, ಸಭೆ ಮುಂದಿನ ತಿಂಗಳು. ಅಲ್ಲಿಯವರೆಗೆ ಟಾರ್ಚೇ ಗತಿ.